ಜಗಲಿಯ ಗೋಡೆಗೆ ಬಂದ ನೀರು

—ಇಲ್ಲ, ಅದು ಶ್ರಾವಣವಲ್ಲ. ಶ್ರಾವಣಕ್ಕಿಂತ ಮೊದಲೇ ಇರಬೇಕು. ಅಥವಾ ಶ್ರಾವಣವೇ ಇದ್ದು, ಇಷ್ಟು ವರ್ಷ ಅದನ್ನೇ ತಿರುತಿರುಗಿ ನೆನೆದು ಈಗ ನನಗೇ ಅದರ ಮೇಲೆ ಸಂಶಯ ಬಂದಿದೆಯೋ... ಶ್ರಾವಣ ಎಂದರೆ ಕಥೆ ಚೆಂದ ಕೂಡುತ್ತದೆ: ಮಠದಲ್ಲಿ ಪುರಾಣ ಹಚ್ಚಿರುತ್ತಾರೆ, ಹೆಂಗಸರು ಉಪವಾಸವಿರುತ್ತಾರೆ, ಗೋಡೆಯಲ್ಲಿ ನೀರು ಬರುತ್ತದೆ. ಚೆಂದ ಕೂಡುವುದನ್ನೆಲ್ಲ ನಾನು ಈಗೀಗ ನಂಬುವುದಿಲ್ಲ. ತಿಂಗಳು ಯಾವುದಾದರೂ ಇರಲಿ. ಹೇಳಬೇಕಾದದ್ದು ಇಷ್ಟು—ಪಕ್ಕದ ಮನೆಯ ಕಾಶವ್ವನ ದೇವರ ಜಗಲಿಯ ಗೋಡೆಯಲ್ಲಿ ಜಿನುಗಿದ್ದು ಗಂಗೆಯಲ್ಲ, ನನ್ನ ಬಚ್ಚಲಮನೆಯ ಪೈಪಿನ ನೀರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಬಿಡದೆ ಇದ್ದದ್ದಕ್ಕೆ ಆ ಮನೆಯ ಸೊಸೆ ರೇಖಾ ಮನೆ ಬಿಟ್ಟು ಹೋಗಬೇಕಾಯಿತು. ಇದಿಷ್ಟಕ್ಕೆ ನಾನು ಜವಾಬ್ದಾರ. ಉಳಿದದ್ದನ್ನು ಹೇಳುತ್ತ ಹೋಗುತ್ತೇನೆ, ನೀವು ಸಂಶಯದಿಂದಲೇ ಓದಿ.

ನಾನು ಮೂಡಲಗಿಯಲ್ಲಿ ಪೈಪು, ನಳ, ಬಚ್ಚಲು-ಸಂಡಾಸದ ಸಾಮಾನು ಮಾರುವ ಅಂಗಡಿಯವನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನೀವು 'ಪಾಪ, ತಿಳಿಯದೆ ಮಾಡಿದ' ಎಂದು ರಿಯಾಯಿತಿ ಕೊಟ್ಟುಬಿಡುತ್ತೀರಿ. ತಿಳಿಯದೆ ಅಲ್ಲ. ಇದನ್ನೆಲ್ಲ ತಿಳಿಸಿ ಹೇಳುವುದೇ ನನ್ನ ಹೊಟ್ಟೆಪಾಡು. ಗಿರಾಕಿ ಬಂದು ಗಲ್ಲಾದ ಮುಂದೆ ನಿಂತರೆ ಸಾಕು, ನನ್ನ ಪ್ರವಚನ ಶುರು—ಟೈಲ್ಸ್ ಕೂರಿಸುವ ಮೊದಲು ಪೈಪಿನಲ್ಲಿ ನೀರು ತುಂಬಿ, ಒತ್ತಡ ಹಾಕಿ, ಒಂದು ಹಗಲು ಹಾಗೇ ಬಿಡಿ. ಒಂದೊಂದು ಕೀಲಿನ ಮೇಲೂ ಕೈಯಾಡಿಸಿ ನೋಡಿ. ಹಳೆಯ ಮನೆ ಕೊಳ್ಳುವವರು ಬಣ್ಣಕ್ಕೆ ಮರುಳಾಗಬೇಡಿ, ಗೋಡೆಯ ಬುಡಕ್ಕೆ ಕೂತು ನೋಡಿ, ಅಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಗಿಲಾವು ಉಬ್ಬಿದ್ದರೆ ಒಳಗೆ ಏನೋ ನಡೆದಿದೆ ಎಂದು ತಿಳಿಯಿರಿ. ಮನೆಯಲ್ಲಿ ಮಂದಿ ಅಷ್ಟೇ ಇದ್ದು ಮಾಳಿಗೆಯ ಮೇಲಿನ ಟಾಕಿ ಬೇಗ ಬೇಗ ಬರಿದಾಗುತ್ತಿದ್ದರೆ, ಮೋಟಾರು ಮೊದಲಿಗಿಂತ ಹೆಚ್ಚು ಹೊತ್ತು ಓಡುತ್ತಿದ್ದರೆ ಸುಮ್ಮನಿರಬೇಡಿ. ಮಳೆಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಯಾರಿಗಾದರೂ ತೋರಿಸಿ; ಮಳೆ ಹತ್ತಿದ ಮೇಲೆ ಯಾವ ನೀರು ಮೇಲಿನದು, ಯಾವುದು ಒಳಗಿನದು, ಯಾರಪ್ಪನಿಗೂ ತಿಳಿಯುವುದಿಲ್ಲ.

ಯಾರು ಕೇಳುತ್ತಾರೆ? ನಮ್ಮ ಮಂದಿ ಎತ್ತು ಕೊಳ್ಳುವಾಗ ಹಲ್ಲು ಬಿಡಿಸಿ ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಬೋರು ಹಾಕಿಸುವಾಗ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದವನ ಬೆನ್ನು ಹತ್ತಿ ಹೊಲವೆಲ್ಲ ತಿರುಗುತ್ತಾರೆ. ಬಾಗಿಲು ಒಂದು ಗೇಣು ಆಚೀಚೆಯಾದರೆ ಗೋಕಾಕದಿಂದ ವಾಸ್ತುವಿನವನನ್ನು ಕರೆಸುತ್ತಾರೆ. ಪೈಪು ಮಾತ್ರ—ಒಮ್ಮೆ ಗೋಡೆಯೊಳಗೆ ಹೋಯಿತೋ, ಮುಗಿಯಿತು, ಮಣ್ಣು ಮಾಡಿದ ಹಾಗೆ. ಮತ್ತೆ ಅದರ ಹೆಸರೆತ್ತುವವರಿಲ್ಲ. ಮೇಲಿನಿಂದ ಊಟದ ತಾಟಿಗೆ ಹನಿ ಬಿದ್ದಾಗ ಓಡಿ ಬರುತ್ತಾರೆ, ಮಲ್ಲೇಶಣ್ಣಾ ಜಲ್ದಿ ಬಾ ಎಂದು. ನನಗೆ ಸಾಕುಸಾಕಾಗಿ ಹೋಗಿದೆ ಈ ಊರಿಗೆ ಹೇಳಿ ಹೇಳಿ.

ಹೀಗೆ ಊರಿಗೆಲ್ಲ ಬೈಯುತ್ತ ಕೂತವನು ನನ್ನ ಮನೆಯಲ್ಲಿ ಮಾಡಿದ್ದೇನೆಂದರೆ—

ನಮ್ಮದೂ ಈರಪ್ಪ ಕಾಕಾನದೂ ಬಾಜೂಬಾಜೂ ಮನೆ, ನಡುವೆ ಒಂದೇ ಗೋಡೆ. ಕಾಶವ್ವ ಎಂದರೆ ಕಾಕಾನ ಹೆಂಡತಿ, ನನಗೆ ಚಿಗವ್ವ. ರಕ್ತಸಂಬಂಧವಲ್ಲ, ಗೋಡೆಯ ಸಂಬಂಧ. ಆ ಗೋಡೆಗೆ ಅವರ ಕಡೆ ದೇವರನ್ನು ಕೂರಿಸಿದ ಜಗಲಿ, ನಮ್ಮ ಕಡೆ ಕಟ್ಟಿಗೆ ಒಟ್ಟುವ ಜಾಗ. ನಾನು ಮನೆಯ ಹಿಂಭಾಗ ಕೆಡವಿ ಹೊಸದಾಗಿ ಕಟ್ಟಿಸಿದಾಗ ಕಟ್ಟಿಗೆಯ ಜಾಗಕ್ಕೆ ಬಚ್ಚಲಮನೆ ಬಂತು. ಜಗಲಿಯ ಬೆನ್ನಿಗೆ ಬಚ್ಚಲು ಬೇಡವೆಂದು ಯಾರಾದರೂ ಅಂದರೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ನಾನು ಕೇಳುತ್ತಿರಲಿಲ್ಲ.

ಕೇಳಿದ್ದು ಬೇರೆ ಒಂದು ಮಾತು. ನಮ್ಮವ್ವ ಆಗ ಇನ್ನೂ ಬದುಕಿದ್ದಳು. ಗಂಗವ್ವನ ಪೂಜೆಯಾಗುವ ತನಕ ಹೊಸ ನಳದಲ್ಲಿ ನೀರು ಬಿಡಕೂಡದು ಎಂದು ಆಕೆ ಕಟ್ಟು ಹಾಕಿದಳು. ನನ್ನ ಹೆಂಡತಿಯ ತವರು ಕೊಣ್ಣೂರಿನಿಂದ ಕೊಡದಲ್ಲಿ ಹೊಳೆಯ ನೀರು ಬರಬೇಕು, ಆ ಕೊಡಕ್ಕೆ ಪೂಜೆಯಾಗಬೇಕು, ಮನೆಯೊಳಗೆ ಮೊದಲು ಆ ನೀರು ಹೊಕ್ಕ ಮೇಲೆಯೇ ನಳದ ನೀರು. ಪೂಜೆ ವಾಸ್ತುಶಾಂತಿಯ ದಿನ. ಬೀಗರು, ನೆಂಟರು ಬರುವ ದಿನ ಬಚ್ಚಲು ಬೋಳುಗೋಡೆಯಾಗಿ ಇರಬಾರದು, ಟೈಲ್ಸ್ ಕೂತಿರಬೇಕು. ಹಾಗಾದರೆ ಪೈಪಿಗೆ ಒತ್ತಡ ಹಾಕಿ ನೋಡುವುದು ಯಾವಾಗ? ಪೂಜೆಗೆ ಮೊದಲು ನೀರಿಲ್ಲ, ಪೂಜೆಯ ಹೊತ್ತಿಗೆ ಗೋಡೆ ಮುಚ್ಚಿದೆ. ಇದೇ ಸಂಕಟವನ್ನು ಗಿರಾಕಿ ತಂದಿದ್ದರೆ ಅವನ ಮುಂದೆ ಕೈಮುಗಿದು ಹೇಳುತ್ತಿದ್ದೆ—ಒಂದು ಚೊಂಬು ನೀರಿಗೆ ಮೊದಲೇ ಪೂಜೆ ಮಾಡಿ ಪೈಪಿಗೆ ಸುರುವಿಬಿಡಿ, ದೇವರಿಗೆ ಸಿಟ್ಟು ಬರುವುದಿಲ್ಲ ಎಂದು. ನನ್ನ ಮನೆಯಲ್ಲಿ ನಾನು ಹೂಂ ಎಂದೆ. ಅವ್ವನ ಮೇಲಿನ ಭಕ್ತಿಯಲ್ಲ. ವಾದ ಮಾಡಲು ಬೇಸರ. ಅಷ್ಟೇ. ಇಷ್ಟು ದೊಡ್ಡ ಕೆಡುಕಿಗೆ ಇಷ್ಟು ಸಣ್ಣ ಕಾರಣವೇ ಎಂದು ನನಗೇ ಸಿಟ್ಟು ಬರುತ್ತದೆ.

ವಾಸ್ತುಶಾಂತಿಯಾಗಿ ವರ್ಷ ಕಳೆದಿರಬೇಕು. ಒಂದು ಮುಂಜಾನೆ ಕಾಶವ್ವ ಜಗಲಿ ಸಾರಿಸಲು ಹೋದವಳು ಕಟ್ಟೆಯ ಮೇಲಿದ್ದ ಕಾಕಾನನ್ನೂ ನನ್ನನ್ನೂ ಒಳಗಿನಿಂದ ಕರೆದಳು. ಕೂಗಲಿಲ್ಲ—ಕರೆದಳು, ಮೆಲ್ಲಗೆ, ಮಲಗಿದ ಕೂಸು ಏಳಬಾರದು ಎನ್ನುವ ಹಾಗೆ. ಹೋಗಿ ನೋಡಿದರೆ ದೇವರ ಹಿಂದಿನ ಗೋಡೆಯಲ್ಲಿ ಅಂಗೈಯಗಲ ತೇವ, ಅದರ ನಡುವೆ ಒಂದು ಹನಿ ಕೂಡುತ್ತದೆ, ಇಳಿಯುತ್ತದೆ, ಮತ್ತೊಂದು ಕೂಡುತ್ತದೆ. ಬಾವಿ ಬತ್ತಿದ ಓಣಿ ನಮ್ಮದು. ಎಳೆಯ ಸೊಸೆಯಾಗಿ ಬಂದ ದಿನದಿಂದ ಕಾಶವ್ವ ಮೈಲುಗಟ್ಟಲೆ ನೀರು ಹೊತ್ತವಳು, ಸಾರ್ವಜನಿಕ ನಳದ ಮುಂದೆ ಕೊಡಕ್ಕೆ ಕೊಡ ಬಡಿದು ಜಗಳಾಡಿದವಳು. ಆಕೆಯ ಮನೆಗೆ, ಆಕೆಯ ದೇವರ ಬೆನ್ನಿಗೆ, ನೀರು ತಾನಾಗಿ ನಡೆದುಕೊಂಡು ಬಂದಿತ್ತು. ಆಕೆಗೆ ಬೇರೇನು ಅನಿಸಬೇಕಿತ್ತು ಹೇಳಿ.

ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಬಂದರು. ಗಂಗವ್ವನೇ ಬಂದಳೆಂದು ಗೋಡೆಗೆ ಅರಿಷಿಣ-ಕುಂಕುಮ ಏರಿತು, ಹಸಿರು ಖಣ ಬಂತು, ಉಡಿ ತುಂಬಿದರು. ಕೆಳಗೊಂದು ತಾಮ್ರದ ಗಿಂಡಿ ಇಟ್ಟರು. ಈರಪ್ಪ ಕಾಕಾ ಒಬ್ಬನೇ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಕರೆದ.

"ನಳದಾಗ ಬರಲಾರದಾಕಿ ಗ್ವಾಡ್ಯಾಗ ಬಂದಾಳಂದ್ರ, ಬಿಲ್ಲ ಯಾರ ಹೆಸರಲೆ ಬರ್ತೈತೋ ಮಲ್ಲೇಶಿ?"

ನಾನು ನಕ್ಕೆ. ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆದೆ—ಆದರೆ ಪೈಪಿನ ವ್ಯಾಪಾರ ಮಾಡುವವನಿಗೆ ಗೋಡೆಯ ತೇವ ಕಂಡ ಕೂಡಲೇ ಅದರ ಬೆನ್ನಿಗೆ ಯಾವ ಪೈಪಿದೆ ಎಂದು ಲೆಕ್ಕ ಹಾಕುವ ಚಟ. ಆ ಲೆಕ್ಕ ಹಾಕಿದ್ದೆ. ಅದನ್ನು 'ಗೊತ್ತಿರುವುದು' ಎನ್ನಬೇಕೋ ಬೇಡವೋ ಎಂದು ನಾನು ಇಷ್ಟು ವರ್ಷ ನನ್ನ ಜೊತೆಗೇ ಚೌಕಾಸಿ ಮಾಡಿದ್ದೇನೆ.

ಬಾಯಿಬಿಟ್ಟು ಹೇಳಿದವಳು ರೇಖಾ. ಕಾಕಾನ ಮಗ ಬಸುವಿನ ಹೆಂಡತಿ, ದಡ್ಡಿ ಎಂಬ ಊರಿನ ಹೆಣ್ಣು. ಬಸು ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಾನೆ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಕಡಿಮೆ ಮಾತಿನ ಹುಡುಗಿ. ಯಾವುದನ್ನಾದರೂ ನೋಡಿದರೆ ಪೂರ್ತಿ ನೋಡುವವಳು. ಒಂದು ದಿನ ನಾನು ಅವರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ, ಕಾಶವ್ವನೂ ನಾಲ್ಕಾರು ಹೆಂಗಸರೂ ಕೂತಿದ್ದಾಗ, ಅವಳು ಬಂದು ನನ್ನ ಮುಂದೆ ನಿಂತಳು.

"ಅಣ್ಣಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಬಚ್ಚಲದ ಪೈಪ ಒಂದ ಸಲ ಯಾರಿಗ್ಯರ ತೋರಸ್ರಿ. ನಿಮ್ಮ ಟಾಕಿ ತುಂಬಿದಾಗ ಈ ನೀರ ಜೋರ ಆಗ್ತೈತಿ. ನಿಮ್ಮ ಟಾಕಿ ಖಾಲಿ ಆತಂದ್ರ ನಿಲ್ಲತೈತಿ."

ಇಷ್ಟೇ. ನಾನು ಗಲ್ಲಾದ ಮುಂದೆ ನಿಂತು ಊರಿಗೆಲ್ಲ ಬೇಡಿಕೊಳ್ಳುತ್ತಿದ್ದ ಮಾತನ್ನೇ ಒಬ್ಬಳು ನನಗೆ ಬೇಡಿಕೊಂಡಳು. ಒಮ್ಮೆ ತೋರಿಸಿ, ಅಷ್ಟೇ. ಮತ್ತು ಸುಮ್ಮನೆ ಹೇಳಿರಲಿಲ್ಲ, ನೋಡಿ ಹೇಳಿದ್ದಳು. ನಮ್ಮ ಮೋಟಾರಿನ ಸದ್ದು ಕೇಳಿ, ಗೋಡೆಯ ಹನಿ ನೋಡಿ, ಎರಡನ್ನೂ ಕೂಡಿಸಿದ್ದಳು. ನಾನು ಏನೆಂದೆ ಗೊತ್ತೇ?

"ಪೈಪಿನ ಅಂಗಡಿಯವನ ಮನ್ಯಾಗ ಪೈಪ ಸೋರತಾವಂತ ನೋಡ್ರಿ ಚಿಗವ್ವಾ. ಚಲೋ ಸೊಸಿ ತಂದಿ ಬಿಡು."

ಎಲ್ಲರೂ ನಕ್ಕರು. ಕಾಶವ್ವ ನಗಲಿಲ್ಲ. "ಕಲತಾಕಿ ಅಲಾ, ದೇವರಿಗೂ ಪರೀಕ್ಷಾ ಇಡ್ತಾಳ" ಎಂದು ಗಿಂಡಿ ಎತ್ತಿಕೊಂಡು ಒಳಗೆ ಹೋದಳು. ಹೆಂಗಸರ ನಗು ನಿಂತಿತು. ರೇಖಾ ನನ್ನ ಕಪ್ಪು-ಬಸಿ ತೆಗೆದುಕೊಂಡು ಹೋದಳು ಎಂದು ನೆನಪು. ಅವಳ ಮುಖ ಹೇಗಿತ್ತು ಎಂದು ಕೇಳಬೇಡಿ. ನಾನು ನೋಡಲಿಲ್ಲ.

ಆದರೆ ಅವಳ ಮಾತು ನಾಟಿತ್ತು. ಹೆಂಡತಿ ಅವ್ವನನ್ನೂ ಕರೆದುಕೊಂಡು ತವರಿಗೆ ಹೋದ ದಿನ ಅಂಗಡಿ ಮುಚ್ಚಿ ಬಂದು, ನಾನು ಗಿರಾಕಿಗಳಿಗೆ ಹೇಳುವ ಪರೀಕ್ಷೆಯನ್ನೇ ಮಾಡಿದೆ. ಟಾಕಿ ತುಂಬಿಸಿದೆ. ಮನೆಯ ನಳಗಳನ್ನೆಲ್ಲ ಗಟ್ಟಿಯಾಗಿ ತಿರುಗಿಸಿದೆ. ಟಾಕಿಯ ಒಳಗೆ ನೀರು ನಿಂತಲ್ಲಿ ಇದ್ದಿಲಿನಿಂದ ಗೆರೆ ಎಳೆದೆ. ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತೆ. ಇಳಿಹೊತ್ತಿಗೆ ಮುಚ್ಚಳ ತೆಗೆದು ನೋಡಿದರೆ ನೀರು ಗೆರೆಗಿಂತ ಕೆಳಗಿತ್ತು. ಯಾರೂ ಕುಡಿದಿಲ್ಲ, ಯಾರೂ ಮಿಂದಿಲ್ಲ, ನೀರಿಲ್ಲ. ಮತ್ತೆ ತುಂಬಿಸಿ, ಈ ಸಲ ಬಚ್ಚಲಿಗೆ ಹೋಗುವ ಲೈನಿನ ವಾಲ್ವ್ ಒಂದನ್ನೇ ಮುಚ್ಚಿದೆ. ಮರುದಿನ ನೋಡಿದರೆ ಗೆರೆ ಅಲುಗಿರಲಿಲ್ಲ. ಇನ್ನು ಸಂಶಯಕ್ಕೆ ಜಾಗವೇ ಇರಲಿಲ್ಲ. ರೇಖಾ ಹೇಳಿದ್ದು ಖರೆ.

ಆಗ ನಾನು ಗೋಡೆಯಾಚೆ ಹೋಗಿ ಹೇಳಬಹುದಿತ್ತು. ನೂರು ಹೆಜ್ಜೆಯೂ ಇಲ್ಲ. ಯಾಕೆ ಹೋಗಲಿಲ್ಲ—ಇದಕ್ಕೆ ನನ್ನ ಬಳಿ ಉತ್ತರಗಳಿವೆ, ಒಂದಕ್ಕಿಂತ ಒಂದು ಚಲೋ, ಅದಕ್ಕೇ ಯಾವುದನ್ನೂ ನಂಬಬೇಡಿ. ನನ್ನ ಬಚ್ಚಲಲ್ಲಿ ಹಾಕಿದ್ದ ಮಾಲನ್ನೇ ಅರ್ಧ ಮೂಡಲಗಿಗೆ ಮಾರಿದ್ದೆ. ಅಂಗಡಿಯವನ ಮನೆಯದೇ ಸೋರಿತು ಎಂದರೆ ನಾಳೆ ಊರೇ ಬಂದು ನಿಲ್ಲುತ್ತದೆ ಎಂಬ ಭಯ—ಇದು ಇತ್ತು. ಮಾಲಿನದೇನೂ ತಪ್ಪಿರಲಿಲ್ಲ, ನೋಡದೆ ಗೋಡೆ ಮುಚ್ಚಿದ್ದು ತಪ್ಪು. ಅದನ್ನು ಹೇಳುವುದು ಇನ್ನೂ ನಾಚಿಕೆ. ಕಾಶವ್ವನ ಮುಖದ ಮೇಲಿನ ಆ ಬೆಳಕು—ಹೂಂ, ಅದೂ ಇತ್ತು ಎಂದು ಹೇಳಿಕೊಳ್ಳುತ್ತೇನೆ. ಆದರೆ ಆ ಬೆಳಕನ್ನು ನಾನು ನನ್ನ ಭಯದ ಮೇಲೆ ಹೊದಿಸಿದ್ದೆ ಎಂಬುದು ಖಾತ್ರಿ.

ಅದರ ಮರುವಾರವೋ ಏನೋ ಕಾಶವ್ವ ನಮ್ಮ ಬಾಗಿಲಿಗೇ ಗಿಂಡಿ ತಂದಳು. ಎಲ್ಲರಿಗೂ ತೀರ್ಥ ಕೊಟ್ಟಳು. ನಾನು ಬಲಗೈ ಚಾಚಿದೆ. ನನ್ನ ಟಾಕಿಯ ನೀರು, ನನ್ನ ಪೈಪಿನ ನೀರು, ಕಾಶವ್ವನ ಗೋಡೆ ದಾಟಿ ನನ್ನ ಅಂಗೈಗೆ ಬಂತು. ಕುಡಿದೆ. ಸುಣ್ಣದ ರುಚಿ. "ಸಿಹಿ ಐತಿ ನೋಡು" ಎಂದಳು. ಹೌದು ಚಿಗವ್ವಾ ಎಂದೆ. ತಲೆಗೆ ಕೈ ಒರೆಸಿಕೊಂಡೆ. ಈಗ ಇದನ್ನು ಬರೆಯುವಾಗ ನಗು ಬರುತ್ತದೆ, ಆ ನಗುವಿನ ಮೇಲೆ ಸಿಟ್ಟು ಬರುತ್ತದೆ.

ಕೊನೆಗೆ ರಿಪೇರಿ ಮಾಡಿಸಿದೆ. ಕಳ್ಳನ ಹಾಗೆ ಮಾಡಿಸಿದೆ. ಮೂಡಲಗಿಯ ಪ್ಲಂಬರರೆಲ್ಲ ನನ್ನ ಅಂಗಡಿಯಲ್ಲೇ ಚಹಾ ಕುಡಿಯುವವರು, ಒಬ್ಬನಿಗೆ ತಿಳಿದರೆ ಸಂಜೆಗೆ ಬಸ್ ಸ್ಟ್ಯಾಂಡಿಗೆ ತಿಳಿಯುತ್ತದೆ. ಅದಕ್ಕೆ ಹುಕ್ಕೇರಿಯಿಂದ, ಮುಖ ಪರಿಚಯವಿಲ್ಲದ ಒಬ್ಬನನ್ನು ಕರೆಸಿದೆ. ಈರಪ್ಪ ಕಾಕಾನ ಮನೆಯವರೆಲ್ಲ, ಅವರ ಜೊತೆ ನನ್ನ ಹೆಂಡತಿಯೂ ಅವ್ವನೂ, ಯಮಕನಮರಡಿಗೆ ಮದುವೆಗೆ ಹೋದ ದಿನವನ್ನು ಆರಿಸಿದೆ. ಅವನು ಟೈಲ್ಸ್ ಒಡೆದ, ಕೀಲು ತೆಗೆದ—ಅಂಟು ಸರಿಯಾಗಿ ಹಿಡಿದಿರಲಿಲ್ಲ, ಒತ್ತಡ ಹಾಕಿದ್ದರೆ ಮೊದಲ ದಿನವೇ ಕಾಣುತ್ತಿತ್ತು—ಹೊಸದು ಹಾಕಿದ, ಈ ಸಲ ನೀರು ತುಂಬಿ ನೋಡಿದ, ಅದೇ ಬಣ್ಣದ ಟೈಲ್ಸ್ ಕೂರಿಸಿದ. ಒಡೆದ ಚೂರುಗಳನ್ನು ನಾನೇ ಸಿಮೆಂಟಿನ ಚೀಲದಲ್ಲಿ ತುಂಬಿ ಊರಾಚೆ ಚೆಲ್ಲಿ ಬಂದೆ. ನನ್ನ ಬದುಕಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಇನ್ನೊಂದು ಕೆಲಸ ಮಾಡಿಸಿಲ್ಲ.

ಮದುವೆಯಿಂದ ಬಂದ ಕಾಶವ್ವ ಗಿಂಡಿ ನೋಡಿದಳು. ಕಡಿಮೆಯಾಗಿತ್ತು. ಮರುದಿನ ಇನ್ನೂ ಕಡಿಮೆ. ಆಮೇಲೆ ಇಲ್ಲ. ತೇವದ ಕಲೆ ದಿನದಿನಕ್ಕೆ ಸಣ್ಣದಾಯಿತು, ಅರಿಷಿಣ ಒಣಗಿ ಉದುರಿತು. ಅವಳು ಉಪವಾಸ ಕೂತಳು. ಗೋಡೆಗೆ ಹಣೆ ಹಚ್ಚಿ ಅಳುವುದು ನಮ್ಮ ಬಚ್ಚಲಿಗೆ ಕೇಳುತ್ತಿತ್ತು. ನಾನು ಅಲ್ಲಿ ಮೀಯುತ್ತಿದ್ದೆ. ಗಂಗವ್ವ ಯಾಕೆ ಹೋದಳು ಎಂಬ ಪ್ರಶ್ನೆ ಓಣಿಯಲ್ಲಿ ಹುಟ್ಟಿದಾಗ ಉತ್ತರ ಮೊದಲೇ ತಯಾರಿತ್ತು. ಸಂಶಯ ಪಟ್ಟವಳು ಮನೆಯಲ್ಲೇ ಇದ್ದಳಲ್ಲ. ದೇವರ ನೀರಿಗೆ ಬಚ್ಚಲದ ಪೈಪು ಎಂದವಳು. ಗುಡಿಯ ಕಟ್ಟೆ, ಹಿಟ್ಟಿನ ಗಿರಣಿ, ಎಲ್ಲ ಕಡೆ ಅದೇ ಮಾತು. ಬಸವಣ್ಣನ ಫೋಟೋ ಪಡಸಾಲೆಯಲ್ಲಿ ತೂಗುಹಾಕಿಕೊಂಡು, ಪ್ರವಚನಕ್ಕೆ ಮುಂದಿನ ಸಾಲಿನಲ್ಲಿ ಕೂರುವ ಮಂದಿ ನಾವು. ಸುಡುಗಾಡು ಪ್ರವಚನ.

ರೇಖಾ ಪಟ್ಟು ಬಿಡಲಿಲ್ಲವಂತೆ. ಪೈಪು ನೋಡಿಸಲಿ, ಆಮೇಲೆ ನನಗೆ ಏನು ಬೇಕಾದರೂ ಅನ್ನಲಿ ಎಂದಳಂತೆ. ಮನೆಯಲ್ಲಿ ಜಗಳ ಏರಿತು. ಒಂದು ಸಂಜೆ ಈರಪ್ಪ ಕಾಕಾ ನನ್ನನ್ನು ಕರೆಸಿದ. ಪಡಸಾಲೆಯಲ್ಲಿ ಕಾಕಾ, ಕಾಶವ್ವ, ಬಸು, ಓಣಿಯ ಇಬ್ಬರು ಹಿರಿಯರು. ನನ್ನ ನೆನಪು ರೇಖಾಳನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸುತ್ತದೆ, ಅರ್ಧ ಬೆಳಕು ಅರ್ಧ ಕತ್ತಲೆಯಲ್ಲಿ. ಅದು ನನಗೆ ನಾಟಕದ ಪರದೆಯ ಹಾಗೆ ಕಾಣುತ್ತದೆ. ಬಹುಶಃ ಅವಳು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಕಾಕಾನ ಧ್ವನಿಯಲ್ಲಿ ಆ ದಿನ ನಗೆ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ, ನಾನು ಹೌದೆಂದಿದ್ದರೆ ಅವನು ಅಲ್ಲಿಗೇ ಮುಗಿಸುತ್ತಿದ್ದ.

"ಮಲ್ಲೇಶಿ, ನೀ ಪೈಪಿನ ಮನಶ್ಯಾ. ಜಗಲಿ ಮುಂದ ನಿಂತ ಹೇಳು. ಈ ಹುಡುಗಿ ಅನ್ನೂದರಾಗ ಏನರ ಖರೆ ಐತೇನು?"

"ಇಲ್ಲ ಕಾಕಾ."

ನಾಲಿಗೆ ತೊದಲಲಿಲ್ಲ.

ನಾಕು ದಿನ ಇದ್ದು ಬರಲಿ ಎಂದು ಬಸು ಅವಳನ್ನು ತನ್ನ ಗಾಡಿಯಲ್ಲೇ ದಡ್ಡಿಯ ತವರಿಗೆ ಬಿಟ್ಟು ಬಂದ. ಕರೆಯಲು ಇವರು ಹೋಗಲಿಲ್ಲ, ಕರೆಯದೆ ಬರಲು ಅವಳು ಒಪ್ಪಲಿಲ್ಲ. ಹಬ್ಬಗಳು ಬಂದವು, ಹೋದವು. ನಮ್ಮವ್ವ ತೀರಿಕೊಂಡಳು. ಸೋಡಚೀಟಿಯ, ಅಂದರೆ ಮದುವೆ ಬಿಡಿಸಿಕೊಳ್ಳುವ ಪತ್ರದ, ಮಾತು ಒಂದೆರಡು ಸಲ ಎದ್ದು ಬಿದ್ದಿತು. ನಾನು ಅಂಗಡಿಯಲ್ಲಿ ಕೂತು ಮತ್ತೆ ಪ್ರವಚನ ಹಚ್ಚಿದೆ—ಟೈಲ್ಸ್ ಕೂರಿಸುವ ಮೊದಲು ನೋಡಿರಪ್ಪಾ, ಗೋಡೆಯ ಬುಡ ನೋಡಿರಪ್ಪಾ. ಮೊದಲಿಗಿಂತ ಜೋರಾಗಿ ಹೇಳುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಈ ವರ್ಷ ಬೇಸಿಗೆಯಲ್ಲಿ ಒಂದು ಮನೆಗೆ ಸಾಮಾನು ಇಳಿಸಲು ಗೋಕಾಕಕ್ಕೆ ಹೋಗಿದ್ದೆ. ಇಳಿಸಿ ಹೊರಟಾಗ ಹಿಂದಿನಿಂದ ಯಾರೋ ಅಣ್ಣಾರ ಎಂದರು. ರೇಖಾ. ಈಗ ಅಲ್ಲೇ ಒಂದು ಬಟ್ಟೆಯ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಆ ಓಣಿಯಲ್ಲೇ ಒಂದು ಬಾಡಿಗೆ ಮನೆ ನೋಡಲು ಬಂದಿದ್ದಳು. ಕ್ಷೇಮಸಮಾಚಾರವಾಯಿತು. ಕಾಶವ್ವನ ಮಂಡಿನೋವು ಕೇಳಿದಳು. ಬಸುವಿನ ಹೆಸರು ಇಬ್ಬರೂ ಎತ್ತಲಿಲ್ಲ. ಆಮೇಲೆ ಅವಳು, ಬಂದಿದ್ದೀರಿ, ಈ ಮನೆಯ ಪೈಪು ಒಮ್ಮೆ ನೋಡಿ ಹೇಳುತ್ತೀರಾ, ಒಪ್ಪಿಕೊಳ್ಳುವ ಮೊದಲು ನೋಡಬೇಕಲ್ಲ ಎಂದಳು.

ನೋಡಿದೆ. ಆ ಹೊತ್ತು ನಾನು ನೋಡಿದ ಹಾಗೆ ಯಾರ ಮನೆಯನ್ನೂ ನೋಡಿಲ್ಲ. ಎಲ್ಲ ನಳ ಬಿಟ್ಟು ನೋಡಿದೆ, ಮುಚ್ಚಿ ನೋಡಿದೆ. ಮೊಣಕಾಲೂರಿ ಗೋಡೆಯ ಬುಡಕ್ಕೆ ಅಂಗೈ ಒತ್ತಿದೆ. ಅಡಿಗೆಯ ಕಟ್ಟೆಯ ಕೆಳಗೆ ಟಾರ್ಚು ಬಿಟ್ಟು ಮೂಸಿ ನೋಡಿದೆ. ಬಚ್ಚಲಿಗೆ ಬಕೆಟ್ ನೀರು ಸುರುವಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕಾದೆ. ಸಂಡಾಸದ ಹಿಂದಿನ ಕೀಲು ಸಡಿಲವಾಗಿದೆ, ಮಾಲೀಕನಿಗೆ ಹೇಳಿ ಮೊದಲು ಅದನ್ನು ಮಾಡಿಸು, ಆಮೇಲೆ ಸಾಮಾನು ತಾ ಎಂದೆ. ಅವಳು ಪಕ್ಕದಲ್ಲೇ ನಿಂತು, ಮೊದಲಿನ ಹಾಗೇ, ಪೂರ್ತಿ ನೋಡುತ್ತಿದ್ದಳು. ನಾನು ಎದ್ದು ಮೊಣಕಾಲಿನ ಧೂಳು ಝಾಡಿಸಿಕೊಳ್ಳುವಾಗ ಹೇಳಿದಳು—

"ಅಣ್ಣಾರ, ಅವತ್ತ ಮಂದಿ ಮುಂದ ನಿಮ್ಮ ಮ್ಯಾಲ ಇಲ್ಲದ ಸಂಶೇ ಪಟ್ಟೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಕ್ಷಮೆ. ಅವಳು ನನ್ನ ಕ್ಷಮೆ ಕೇಳಿದಳು. ವರ್ಷಗಟ್ಟಲೆ ಎಲ್ಲರೂ ಸೇರಿ ಹೇಳಿ ಹೇಳಿ ಅವಳ ಕಣ್ಣನ್ನೇ ಅವಳು ನಂಬದ ಹಾಗೆ ಮಾಡಿದ್ದೆವು. ನೋಡಿದ್ದನ್ನು ನೋಡಿದೆ ಎನ್ನುವ ಧೈರ್ಯವನ್ನು ಅವಳಿಂದ ಕಿತ್ತುಕೊಂಡಿದ್ದೆವು—ಸೇರಿ ಎಂದು ಯಾಕೆ ಬರೆಯುತ್ತೇನೆ, ನಾನು ಕಿತ್ತುಕೊಂಡಿದ್ದೆ. ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆಯಿತು ಕೂಡ. ಬಂದ ಮಾತು ಮಾತ್ರ ಬೇರೆ.

"ಇರ್ಲಿ ಬಿಡವಾ."

ಇರಲಿ ಬಿಡು ಎಂದೆ. ಅವಳನ್ನು ನಾನು ಕ್ಷಮಿಸಿದೆ. ಪಡಸಾಲೆಯಲ್ಲಿ ಹೇಳಿದ ಸುಳ್ಳಿಗಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಮೂಡಲಗಿಗೆ ಬಂದವನು ಮನೆಗೆ ಹೋಗದೆ ನೇರ ಈರಪ್ಪ ಕಾಕಾನ ಮನೆಗೆ ಹೋದೆ. ಅದೇ ದಿನವೋ, ಒಂದೆರಡು ದಿನ ತಿರುಗಾಡಿ ಆಮೇಲೆ ಹೋದೆನೋ—ಅದೇ ದಿನ ಎನ್ನಲು ನಾಚಿಕೆಯಾಗುತ್ತದೆ, ಅಷ್ಟು ನೆಟ್ಟಗೆ ನಡೆಯುವವನಲ್ಲ ನಾನು. ಕಾಕಾ ಮನೆಯಲ್ಲಿರಲಿಲ್ಲ, ಕಾಶವ್ವ ಅಕ್ಕಿ ಆರಿಸುತ್ತಿದ್ದಳು. ಬಸು ಗೋಡೆಗೆ ಒರಗಿ ಕೂತಿದ್ದ. ಎಲ್ಲ ಹೇಳಿದೆ. ಟಾಕಿಯ ಗೆರೆ, ಹುಕ್ಕೇರಿಯ ಪ್ಲಂಬರು, ಯಮಕನಮರಡಿಯ ಮದುವೆಯ ದಿನ, ಎಲ್ಲ. ಕಾಶವ್ವ ಕೈ ನಿಲ್ಲಿಸದೆ ಕೇಳಿದಳು. ಸಿಟ್ಟಾಗುತ್ತಾಳೆ, ಹೊರಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಆಕೆ ತಲೆಯೆತ್ತಿ ನನ್ನ ಕಡೆ ನೋಡಿದ್ದು ಪ್ರೀತಿಯಿಂದ.

"ಅಕಿ ಸಂಸಾರ ಮುರದೈತೆಂತ ನಿನಗ ಕನಿಕರ ಬಂದೈತಿ. ಮನಸ ಚಲೋ ನಿಂದು. ಆದ್ರ ಗಂಗವ್ವನ ಮ್ಯಾಲ ಸುಳ್ಳ ಹೇಳಬ್ಯಾಡಪಾ ಮಲ್ಲೇಶಿ, ಸುಳ್ಳ ಹೇಳೂ ಮನಶ್ಯಾ ಅಲ್ಲ ನೀ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಚಿಗವ್ವಾ, ಖರೆ ಹೇಳುತ್ತಿದ್ದೇನೆ ಎಂದೆ. ಹಾಗಾದರೆ ತೋರಿಸು ಎಂದಳು. ಏನು ತೋರಿಸಲಿ? ಸೋರುತ್ತಿದ್ದ ಕೀಲನ್ನು ನಾನೇ ಚೆಲ್ಲಿದ್ದೆ. ಗೋಡೆ ಎಂದೋ ಒಣಗಿದೆ. ಟೈಲ್ಸ್ ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಹೊಸದು ಯಾವುದು ಹಳೆಯದು ಯಾವುದು ನನಗೇ ತಿಳಿಯುವುದಿಲ್ಲ. ಹುಕ್ಕೇರಿಯ ಪ್ಲಂಬರನಿಗೆ ಅಲ್ಲೇ ಕೂತು ಫೋನು ಹಚ್ಚಿದೆ. ಅವನಿಗೆ ನೆನಪಿಲ್ಲ. ಮೂಡಲಗಿಗೆ ತಾನು ಬಂದೇ ಇಲ್ಲವೆಂದ, ಆಮೇಲೆ ಬಂದಿರಬಹುದು ಎಂದ, ಎಷ್ಟು ಬಚ್ಚಲ ಒಡೆದಿರುತ್ತೇನ್ರಿ, ಎಲ್ಲಿಂದ ನೆನಪಿಡಲಿ ಎಂದ. ಅವನದೇನು ತಪ್ಪು. ಬಸು ಎಲ್ಲ ಕೇಳಿದ. ಎದ್ದು ಗಾಡಿಯ ಕಡೆ ಹೋದ. ನಂಬಿ ಎದ್ದನೋ, ನಂಬದೆ ಎದ್ದನೋ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆ ಇನ್ನೊಂದು ತೆಗೆದಳು. ಆ ಗೋಡೆ ತಾನು ಮದುವೆಯಾಗಿ ಬಂದಾಗಲೇ ಮಳೆಗಾಲದಲ್ಲಿ ತೇವವಾಗುತ್ತಿತ್ತಂತೆ, ಕಟ್ಟಿಗೆಗೆ ಬೂಷ್ಟು ಹಿಡಿಯುತ್ತಿತ್ತಂತೆ. ಹಾಗಿದ್ದರೆ ನೀರೆಲ್ಲ ನಮ್ಮದೇ ಎಂದು ಹೇಗೆ ಹೇಳುತ್ತೀರಿ ಎಂದಳು. ಒಂದು ಕ್ಷಣ ಮೈ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯ. ಗೋಡೆ ಮೊದಲು ತೇವವಿದ್ದರೇನು, ಇಲ್ಲದಿದ್ದರೇನು—ಕಾಕಾ ಕೇಳಿದ್ದು ಗೋಡೆಯ ಇತಿಹಾಸವನ್ನಲ್ಲ. ನನಗೆ ಗೊತ್ತಿದ್ದುದನ್ನು ಕೇಳಿದ್ದ.

ಮತ್ತೆ ಗೋಕಾಕಕ್ಕೆ ಹೋದೆ. ರೇಖಾ ಆ ಮನೆಗೆ ಬಂದಿದ್ದಳು. ಸಡಿಲ ಕೀಲು ಮಾಡಿಸಿಕೊಂಡೇ ಬಂದಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ, ಒಳಗೆ ಕೂತು ಚಹಾ ಕುಡಿದು ಹೇಳುವ ಮಾತಲ್ಲ ಎಂದು. ನೀನು ಹೇಳಿದ್ದು ಖರೆ ಇತ್ತು. ನನಗೆ ಗೊತ್ತಿತ್ತು. ಜಗಲಿಯ ಮುಂದೆ ಸುಳ್ಳು ಹೇಳಿದೆ. ಮೊನ್ನೆ ನೀನು ಕ್ಷಮೆ ಕೇಳಿದಾಗಲೂ ಇರಲಿ ಬಿಡು ಎಂದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇದನ್ನ ನನಗ್ಯಾಕ ಹೇಳ್ತೀರಿ? ನಾ ಕಂಡಾಕಿ. ಅಲ್ಲಿ ಹೋಗಿ ಹೇಳ್ರಿ, ಎಲ್ಲಾರ ಮುಂದ."

ಹೇಳಿದೆನವ್ವಾ, ಯಾರೂ ನಂಬುತ್ತಿಲ್ಲ ಎಂದೆ. ಕಾಶವ್ವ ಅಂದದ್ದನ್ನೂ ಹೇಳಿದೆ. ಆಗ ರೇಖಾ ನಕ್ಕಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ನಕ್ಕದ್ದನ್ನು ನಾನು ಕಂಡ ನೆನಪಿಲ್ಲ.

"ನಾ ಹೇಳಿದಾಗೂ ಹಿಂಗ ಆಗಿತ್ರಿ" ಎಂದಳು.

ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಬಾ ಎಂದೂ ಕರೆಯಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತು ಇಳಿದು ಬಂದೆ. ಕಾಶವ್ವ ನಂಬುವ ತನಕ ನಾನು ಆ ಪಡಸಾಲೆಗೆ ಹೋಗುತ್ತಲೇ ಇರುತ್ತೇನೆ. ಓಣಿಯಲ್ಲಿ, ಗಿರಣಿಯಲ್ಲಿ, ಅಂಗಡಿಗೆ ಬಂದ ಗಿರಾಕಿಗಳಿಗೆ ಹೇಳುತ್ತಿದ್ದೇನೆ, ಕೆಲವರು ನಗುತ್ತಾರೆ. ಬಸು ಮೊನ್ನೆ ಗಾಡಿ ತೆಗೆದುಕೊಂಡು ಹೋದವನು ಗೋಕಾಕದ ರಸ್ತೆ ಹಿಡಿದ ಎಂದು ಯಾರೋ ಹೇಳಿದರು. ಅವನ ಬಾಡಿಗೆಗಳು ಆ ಕಡೆಗೂ ಇರುತ್ತವೆ. ರೇಖಾಳಿಗೆ ತಿರುಗಿ ಬರುವ ಮನಸ್ಸು ಇದೆಯೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ. ಅವಳ ಮನಸ್ಸು ನನಗೆ ಗೊತ್ತಿಲ್ಲ.